41ರ ಕ್ವಾರ್ಟರ್‌ಬ್ಯಾಕ್ ಮೇಲೆ ಬಿಸಿಬೇಳೆಬಾತ್ ಪಣ ಕಟ್ಟಬಹುದಾ?

ಸಯ್ಯಾಜಿರಾವ್_ರಸ್ತೆ (ಜೂನ್ 2025)

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವನು, ಪಿಟ್ಸ್‌ಬರ್ಗ್‌ಗೆ ಬಂದು ಮೂರು ವರ್ಷ ಆಯ್ತು. ಇಲ್ಲಿ ಅಮೆರಿಕನ್ ಫುಟ್‌ಬಾಲ್ ಸೀಸನ್ ಶುರುವಾದರೆ ಭಾನುವಾರ ಊರಿಗೆ ಊರೇ ಕಪ್ಪು-ಹಳದಿ ಅಂಗಿ ಹಾಕಿಕೊಳ್ಳುತ್ತದೆ. ಊರಿನ ತಂಡ ಸ್ಟೀಲರ್ಸ್ ಪಂದ್ಯ ನೋಡದಿದ್ದರೆ ಸೋಮವಾರ ಆಫೀಸಿನಲ್ಲಿ ಮಾತಾಡಲು ವಿಷಯವೇ ಇರುವುದಿಲ್ಲ. ಈಗ ಆರನ್ ರಾಡ್ಜರ್ಸ್ ನಮ್ಮ ತಂಡಕ್ಕೆ ಕ್ವಾರ್ಟರ್‌ಬ್ಯಾಕ್ ಆಗಿ, ಅಂದರೆ ಚೆಂಡು ಎಸೆದು ಆಟ ನಡೆಸುವವನಾಗಿ, ಬಂದಿದ್ದಾನೆ. ವಯಸ್ಸು 41. ಡಿಸೆಂಬರ್ 2ಕ್ಕೆ 42 ತುಂಬುತ್ತದೆ.

ಪಕ್ಕದ ಡೆಸ್ಕಿನವನು "ಅವನ ಕಥೆ ಮುಗಿಯಿತು" ಅನ್ನುತ್ತಾನೆ. ನಾನು ಕಳೆದ ಸೀಸನ್ನಿನ ಲೆಕ್ಕ ತೆಗೆದು ತೋರಿಸಿದೆ. ನ್ಯೂಯಾರ್ಕ್ ಜೆಟ್ಸ್ ಪರ 17 ಪಂದ್ಯ, ಎಸೆದು ಗಳಿಸಿದ್ದು 3,897 ಯಾರ್ಡ್, 28 ಟಚ್‌ಡೌನ್ (ಚೆಂಡು ಕೊನೆಗೆರೆ ದಾಟಿಸುವುದು), 11 ಇಂಟರ್‌ಸೆಪ್ಷನ್ (ಎಸೆತ ಎದುರಾಳಿ ಕೈಗೆ ಹೋಗುವುದು). ಇದು ಕಥೆ ಮುಗಿದವನ ಲೆಕ್ಕವಾ? ಅದೇ ತಂಡ 5 ಗೆದ್ದು 12 ಸೋತಿತು ಅನ್ನುವುದೂ ನಿಜ, ಬಿಡಿ. ಮಾತಿಗೆ ಮಾತು ಬೆಳೆದು ಪಣ ಕಟ್ಟಿಬಿಟ್ಟೆ. ಸೀಸನ್ ಮುಗಿಯುವ ತನಕ ರಾಡ್ಜರ್ಸ್ ಚೆನ್ನಾಗಿ ಆಡದಿದ್ದರೆ ನಾನು ಆಫೀಸ್ ಟೀಮಿನ 14 ಜನಕ್ಕೆ ಬಿಸಿಬೇಳೆಬಾತ್ ಮಾಡಿ ಹಾಕಬೇಕು. ಹೆಂಡತಿಗೆ ಇನ್ನೂ ಹೇಳಿಲ್ಲ.

ಕ್ರಿಕೆಟ್ ಆದರೆ ಬ್ಯಾಟ್ಸ್‌ಮನ್ ಕಾಲು ಆಡಿಸುವುದು ನೋಡಿದರೆ ಸಾಕು, ಗೊತ್ತಾಗುತ್ತದೆ. ಈ ಆಟದಲ್ಲಿ ಎಲ್ಲಿ ನೋಡಬೇಕು? ತಿಳಿದವರು ಹೇಳಿ.

ಅಡಿಕೆ_ಚೀಟಿ

ಹುಣಸೆ ಮರ ಮುಪ್ಪಾದರೆ ಹುಳಿ ಮುಪ್ಪೇ? ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ 43ನೇ ವಯಸ್ಸಿನಲ್ಲಿ ಸೂಪರ್ ಬೌಲ್, ಅಂದರೆ ಸೀಸನ್ನಿನ ಫೈನಲ್, ಗೆದ್ದ. ಜಾರ್ಜ್ ಬ್ಲಾಂಡಾ 48ರ ತನಕ ಆಡಿದ. ಧೈರ್ಯವಾಗಿರಿ.

ತಿಪಟೂರು_ಕೊಬ್ಬರಿ

ಗಾದೆ ಚೆನ್ನಾಗಿದೆ. ಆದರೆ ಬ್ಲಾಂಡಾನನ್ನು ಈ ಲೆಕ್ಕಕ್ಕೆ ತರಬೇಡಿ. ಕೊನೆಯ ವರ್ಷಗಳಲ್ಲಿ ಅವನ ಮುಖ್ಯ ಕೆಲಸ ಚೆಂಡು ಒದೆಯುವುದು. ಎಸೆಯುವುದು ಅಪರೂಪಕ್ಕೆ.

ನಾನು ಡೆನ್ವರ್‌ನಲ್ಲಿ 19 ವರ್ಷದಿಂದ ಇದ್ದೇನೆ. ಸಯ್ಯಾಜಿರಾವ್ ಅವರೇ, ನೀವು ಒಟ್ಟು ಯಾರ್ಡ್ ನೋಡಿ ಪಣ ಕಟ್ಟಿದ್ದೀರಿ. ನಾನೂ ಹಾಗೇ ಮೋಸ ಹೋದವನು. 2013ರಲ್ಲಿ ನಮ್ಮ ಡೆನ್ವರ್ ತಂಡದ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್ 37ನೇ ವಯಸ್ಸಿನಲ್ಲಿ 5,477 ಯಾರ್ಡ್, 55 ಟಚ್‌ಡೌನ್ ಎಸೆದ. ಎರಡೂ ದಾಖಲೆ. ಕುತ್ತಿಗೆಗೆ ಆಪರೇಷನ್ ಮೇಲೆ ಆಪರೇಷನ್ ಆಗಿ 2011 ಪೂರ್ತಿ ಆಡದೆ ಕೂತಿದ್ದವನು ಅವನು. ಬಲಗೈ ಬೆರಳ ತುದಿಗೆ ಸ್ಪರ್ಶ ಸರಿಯಾಗಿ ವಾಪಸ್ ಬಂದಿರಲಿಲ್ಲ. ಚೆಂಡು ಹಿಡಿತಕ್ಕೆ ಸಿಗಲಿ ಅಂತ ಎಸೆಯುವ ಕೈಗೇ ಗ್ಲೌಸ್ ಹಾಕುತ್ತಿದ್ದ. ಅಂಥವನು 55 ಎಸೆದಮೇಲೆ ಇನ್ನು ಐದು ವರ್ಷ ಚಿಂತೆ ಇಲ್ಲ ಅಂತ ನಾನು ಅವನ 18ನೇ ನಂಬರಿನ ಜರ್ಸಿ ಕೊಂಡೆ. ಡಿಸ್ಕೌಂಟ್ ಇಲ್ಲದೆ!

ಎರಡು ವರ್ಷ ಬಿಟ್ಟು, 2015 ನವೆಂಬರ್ 15. ಕನ್ಸಾಸ್ ಸಿಟಿ ವಿರುದ್ಧ ಪಂದ್ಯ. ಬ್ರೆಟ್ ಫಾವ್ರ್‌ನ ಜೀವಮಾನದ ಯಾರ್ಡ್ ದಾಖಲೆ ಮುರಿಯಲು ಮ್ಯಾನಿಂಗ್‌ಗೆ ಬೇಕಿದ್ದದ್ದು ಬರೀ 3 ಯಾರ್ಡ್. ಸ್ನೇಹಿತನ ಟಿಕೆಟ್‌ನಲ್ಲಿ ಹೋಗಿದ್ದೆ, ಮೇಲಿನ ಅಟ್ಟದಲ್ಲಿ ಸೀಟು. ಮೊದಲನೇ ಎಸೆತವೇ ಎದುರಾಳಿ ಕೈಗೆ ಹೋಯಿತು. ಆಮೇಲೆ ಒಂದು 4 ಯಾರ್ಡಿನ ಪುಟ್ಟ ಪಾಸ್‌ಗೆ ದಾಖಲೆ ಬಂತು. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದೆವು. ಇಷ್ಟೇ ಸಂತೋಷ. ಆ ದಿನದ ಪೂರ್ತಿ ಲೆಕ್ಕ ಹೇಳಲಾ? 20 ಎಸೆತ, 5 ಕೈಸೇರಿದವು, 35 ಯಾರ್ಡ್, 4 ಇಂಟರ್‌ಸೆಪ್ಷನ್. ಎಸೆಯುವವನಿಗೆ ಕೊಡುವ ಅಂಕ, ಪಾಸರ್ ರೇಟಿಂಗ್, ಸೊನ್ನೆ. ಮೂರನೇ ಕ್ವಾರ್ಟರ್‌ನಲ್ಲಿ ಅವನನ್ನು ಕೂರಿಸಿ ಬ್ರಾಕ್ ಆಸ್‌ವೈಲರ್‌ನನ್ನು ಇಳಿಸಿದರು. ಪಕ್ಕದ ಸೀಟಿನ ತಾತ ಆಟ ನೋಡುವುದು ಬಿಟ್ಟು ತಲೆ ಬಗ್ಗಿಸಿ ಕಡಲೆಕಾಯಿ ಬಿಡಿಸುತ್ತಾ ಕೂತಿದ್ದ. ತಿನ್ನುತ್ತಲೂ ಇರಲಿಲ್ಲ, ಬಿಡಿಸಿ ಬಿಡಿಸಿ ತೊಡೆ ಮೇಲೆ ಹಾಕಿಕೊಳ್ಳುತ್ತಿದ್ದ.

ನನ್ನ ಕಣ್ಣಿಗೆ ಕಟ್ಟಿದ ಹಾಗಿರುವುದು ಆ ಚೆಂಡು. ಒಳ್ಳೆ ಎಸೆತ ಬುಗುರಿ ತರ, ಮೂತಿ ಮುಂದೆ ಮಾಡಿ ಗಿರಗಿರ ತಿರುಗುತ್ತಾ ಹೋಗುತ್ತದೆ. ಆವತ್ತು ಸುತ್ತು ಮುಗಿಯುತ್ತಿರುವ ಬುಗುರಿ ತಲೆ ಆಡಿಸುತ್ತದಲ್ಲ, ಹಾಗೆ ಓಲಾಡುತ್ತಾ ಹೋಗುತ್ತಿತ್ತು. ಎಲ್ಲಿ ಎಸೆಯಬೇಕು ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತು. ಚೆಂಡು ಅಲ್ಲಿಗೆ ಹೋಗುವಷ್ಟರಲ್ಲಿ ಬೇರೆಯವನು ಬಂದು ನಿಂತಿರುತ್ತಿದ್ದ. ಪಾದದ ಅಡಿ ನೋವು ಬೇರೆ ಇತ್ತು ಅಂತ ಆಮೇಲೆ ಗೊತ್ತಾಯ್ತು.

ಎಲ್ಲರೂ ತೋಳು ನೋಡುತ್ತಾರೆ. ನೀವು ಕಾಲು ನೋಡಿ. ಕ್ರಿಕೆಟ್ ಚೆಂಡು ಸುಮಾರು 160 ಗ್ರಾಂ, ಇದು 400 ಗ್ರಾಂ ಮೇಲೆ. ಬರೀ ತೋಳಿನಿಂದ ದೂರ ಹೋಗಲ್ಲ. ಹಿಂದಿನ ಕಾಲಿನಿಂದ ನೆಲ ಒತ್ತಬೇಕು, ಸೊಂಟ ತಿರುಗಬೇಕು, ಭುಜ ಆಮೇಲೆ. ಇಷ್ಟೂ ಎರಡೂವರೆ ಸೆಕೆಂಡಿನ ಆಸುಪಾಸಿನಲ್ಲಿ, 130 ಕಿಲೋ ಆಳುಗಳು ಮೈಮೇಲೆ ಬರುತ್ತಿರುವಾಗ.

ನಮ್ಮ ತೋಟದಲ್ಲಿ ಕಾಯಿ ಕೀಳಲು ಒಬ್ಬ ಯಜಮಾನ ಬರುತ್ತಿದ್ದ. ಕೆಳಗೆ ನಿಂತು ತಲೆ ಎತ್ತಿ ನೋಡಿಯೇ ಯಾವ ಗೊನೆ ಬಲಿತಿದೆ, ಯಾವುದು ಇನ್ನೊಂದು ತಿಂಗಳು ಬಿಡಬೇಕು ಅಂತ ಹೇಳುತ್ತಿದ್ದ. ತಪ್ಪಿದ್ದು ನಾನು ನೋಡಿಲ್ಲ. 55 ದಾಟಿದಮೇಲೆ ಅರ್ಧ ಮರ ಹತ್ತಿ ನಿಂತುಬಿಡುತ್ತಿದ್ದ. ಆಮೇಲೆ ಮಗನನ್ನು ಹತ್ತಿಸಿ ಕೆಳಗಿನಿಂದ ಕೂಗಿ ಹೇಳುತ್ತಿದ್ದ. ಕ್ವಾರ್ಟರ್‌ಬ್ಯಾಕ್‌ಗೆ ಆ ಅನುಕೂಲ ಇಲ್ಲ ನೋಡಿ. ಗೊನೆ ಗುರುತಿಸುವವನೇ ಮರವನ್ನೂ ಹತ್ತಬೇಕು.

ಒಟ್ಟು ಲೆಕ್ಕ ಹೇಗೆ ಕಣ್ಣು ಕಟ್ಟುತ್ತದೆ ಅನ್ನುವುದಕ್ಕೆ ಬ್ರೇಡಿಯನ್ನೇ ತಗೊಳ್ಳಿ. 2021ರಲ್ಲಿ, 44ನೇ ವಯಸ್ಸಿನಲ್ಲಿ, 5,316 ಯಾರ್ಡ್, 43 ಟಚ್‌ಡೌನ್. ಅದು ನಿಜವಾದ ಆಟ, ನಾನು ಟೋಪಿ ತೆಗೆಯುತ್ತೇನೆ. ಮರುವರ್ಷ 4,694 ಯಾರ್ಡ್. ಪರವಾಗಿಲ್ಲ ಅನ್ನಿಸುತ್ತದೆ ಅಲ್ವಾ? ಆದರೆ ಅಷ್ಟು ಬರಲು 733 ಸಲ ಎಸೆದಿದ್ದ, ಒಂದು ಸೀಸನ್ನಿನಲ್ಲಿ ಯಾರೂ ಅಷ್ಟು ಎಸೆದಿರಲಿಲ್ಲ. ಎಸೆತಕ್ಕೆ 6.4 ಯಾರ್ಡ್ ಬಂತು, ಹಿಂದಿನ ವರ್ಷ 7.4 ಇತ್ತು. ಟಚ್‌ಡೌನ್ 43ರಿಂದ 25ಕ್ಕೆ ಇಳಿಯಿತು. ಹೊಡೆತ ತಿನ್ನಬಾರದು ಅಂತ ಚೆಂಡನ್ನು ಬೇಗ ಬೇಗ, ಹತ್ತಿರ ಹತ್ತಿರ ಎಸೆದು ಕೈ ತೊಳೆದುಕೊಳ್ಳುವುದು. 45ಕ್ಕೆ ಅದು ಬುದ್ಧಿವಂತಿಕೆಯೇ. ಪಂದ್ಯ ಮಾತ್ರ 8 ಗೆದ್ದು 9 ಸೋತರು.

ಹಾಗಾಗಿ ಸೆಪ್ಟೆಂಬರ್‌ನಲ್ಲಿ ಟಿವಿ ಮುಂದೆ ಕೂತಾಗ ಒಂದೇ ಒಂದು ಎಸೆತ ಕಾಯಿರಿ. ಮೈದಾನದ ಆ ಬದಿಯ ಗೆರೆ ಹತ್ತಿರ ಓಡುವವನಿಗೆ ಈ ಬದಿಯಿಂದ ಅಡ್ಡಲಾಗಿ ಎಸೆಯುವುದು. ಮೈದಾನ 53 ಯಾರ್ಡ್ ಅಗಲ. ಬರೆದುಕೊಳ್ಳುವುದು 15 ಯಾರ್ಡ್ ಅಂತಾದರೂ ಚೆಂಡು ಗಾಳಿಯಲ್ಲಿ 30ಕ್ಕೂ ಜಾಸ್ತಿ ಹೋಗಿರುತ್ತದೆ. ಅದು ಸೊಯ್ಯಂತ ಹೋದರೆ ನಿಮ್ಮ ಬಾತ್ ಉಳಿಯಿತು. ಆ ಎಸೆತಕ್ಕೆ ಅವನು ಪ್ರಯತ್ನವನ್ನೇ ಮಾಡದಿದ್ದರೆ ತೊಗರಿಬೇಳೆ ತಂದಿಡಿ. ಎಸೆದು ತಪ್ಪುವುದಕ್ಕಿಂತ ಎಸೆಯದೇ ಇರುವುದೇ ಮೊದಲ ಸೂಚನೆ. ಮ್ಯಾನಿಂಗ್ ವಿಷಯದಲ್ಲಿ ನಾನು ಅದನ್ನು 2014ರ ಡಿಸೆಂಬರ್‌ನಲ್ಲೇ ನೋಡಬೇಕಿತ್ತು. ಜರ್ಸಿ ಕೊಂಡಿದ್ದೆನಲ್ಲ, ಕಣ್ಣು ಕಾಣಲಿಲ್ಲ.

ಚಾಮರಾಜಪೇಟೆ_ಕಾಫಿ

ಇದನ್ನು ಓದುತ್ತಾ ದ್ರಾವಿಡ್ ನೆನಪಾದರು. 2011ರಲ್ಲಿ ಇಂಗ್ಲೆಂಡ್‌ನಲ್ಲಿ ತಂಡವೆಲ್ಲ ಮಲಗಿದ್ದಾಗ 38ನೇ ವಯಸ್ಸಿನಲ್ಲಿ ಅವರೊಬ್ಬರೇ ಮೂರು ಶತಕ ಹೊಡೆದರು. ಇನ್ನೆರಡು ವರ್ಷ ಗ್ಯಾರಂಟಿ ಅಂದುಕೊಂಡೆವು. ಅದೇ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾಕ್ಕೆ ಹೋದರು. ಎಂಟು ಇನಿಂಗ್ಸ್‌ನಲ್ಲಿ ಆರು ಸಲ ಬೌಲ್ಡ್. ದ್ರಾವಿಡ್, ಬೌಲ್ಡ್! ಬೆಳಗಿನ ಜಾವ ಎದ್ದು ನೋಡುತ್ತಿದ್ದ ನಮ್ಮಪ್ಪ ಮೂರನೇ ಟೆಸ್ಟ್‌ಗೆ ಅಲಾರಂ ಇಡಲೇ ಇಲ್ಲ. ಮಾರ್ಚ್‌ನಲ್ಲಿ ನಿವೃತ್ತಿ. ರನ್ ಎಷ್ಟು ಅನ್ನುವುದಕ್ಕಿಂತ ಹೇಗೆ ಔಟಾದರು ಅನ್ನುವುದೇ ಹೇಳುತ್ತಿತ್ತು.

ಹುಬ್ಬಳ್ಳಿ_ಮಿರ್ಚಿ

ನಾನು ನ್ಯೂಜೆರ್ಸಿಯಲ್ಲಿ ಫಿಸಿಯೋ ಇದ್ದೀನ್ರಿ. ರಾಡ್ಜರ್ಸ್ ಕಾಲಿನ ಬಗ್ಗೆ ಯಾರೂ ಮಾತೇ ಎತ್ತಲಿಲ್ಲ! 2023 ಸೆಪ್ಟೆಂಬರ್ 11, ಜೆಟ್ಸ್ ಪರ ಮೊದಲ ಪಂದ್ಯ, ನಾಲ್ಕನೇ ಸ್ನ್ಯಾಪ್‌ನಲ್ಲೇ (ಪ್ರತಿ ಸಲ ಚೆಂಡು ಹಿಂದಕ್ಕೆ ಕೊಟ್ಟು ಆಟ ಶುರುಮಾಡುವುದು) ಎಡಗಾಲಿನ ಅಕಿಲಿಸ್ ಹರಿಯಿತು. ಮೀನಖಂಡವನ್ನು ಹಿಮ್ಮಡಿಗೆ ಕಟ್ಟಿರುವ ಹುರಿ ಅದು. ನನ್ನ ಹತ್ತಿರ ಅದನ್ನು ಹರಿದುಕೊಂಡು ಬರುವವರು ಜಾಸ್ತಿ 40ರ ಸುತ್ತಿನ ನಮ್ಮವರೇ, ವಾರಕ್ಕೊಮ್ಮೆ ಬ್ಯಾಡ್ಮಿಂಟನ್ ಆಡುವವರು. ಎಲ್ಲರದ್ದೂ ಒಂದೇ ಮಾತು: "ಹಿಂದಿನಿಂದ ಯಾರೋ ಒದ್ದ ಹಾಗಾಯ್ತು."

ಹೊಲಿದಮೇಲೆ ಹುರಿ ಕೂಡುತ್ತದೆ. ಬಲ ಪೂರ್ತಿ ಬರುವುದು ಕಷ್ಟ. ಒಂಟಿ ಕಾಲಲ್ಲಿ ನಿಂತು ತುದಿಬೆರಳ ಮೇಲೆ ಏಳಲು ಹೇಳುತ್ತೇನೆ. ಒಳ್ಳೆ ಕಾಲಿನಲ್ಲಿ 25 ಸಲ ಏಳುವವರು ಹೊಲಿದ ಕಾಲಿನಲ್ಲಿ ವರ್ಷ ಕಳೆದರೂ 15ಕ್ಕೆ ಸುಸ್ತು. ರಾಡ್ಜರ್ಸ್ ಬಲಗೈಯವನು, ನೆಲ ಒತ್ತುವುದು ಬಲಗಾಲು, ಎಡಗಾಲು ಮುಂದೆ ಊರಿ ತಡೆಯುವುದಕ್ಕೆ. ಅದಕ್ಕೇ ಎಸೆತ ಉಳಿದಿದೆ ಅಂತ ನನ್ನ ಅಂದಾಜು. ತಪ್ಪಿಸಿಕೊಂಡು ಓಡುವ ಆಟ ಮಾತ್ರ ಮರೆತುಬಿಡಿ.

ನಮ್ಮ ಕೊಡಗಿನ ಬೋಪಣ್ಣ 43ರಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರಲ್ಲ, ಮಂಡಿ ಸವೆದಿತ್ತು. ಆದರೆ ಡಬಲ್ಸ್‌ನಲ್ಲಿ ಅರ್ಧ ಅಂಗಳ ಇನ್ನೊಬ್ಬರದ್ದು, ಯಾರೂ ಬಂದು ಗುದ್ದಲ್ಲ. ಇಲ್ಲಿ ಆ ಇನ್ನೊಬ್ಬರು ಅಂದರೆ ಮುಂದೆ ನಿಲ್ಲುವ ಐದು ಜನ. ಅವರು ತಡೆದರೆ ರಾಡ್ಜರ್ಸ್ ಇನ್ನೊಂದು ವರ್ಷ ಆಡುತ್ತಾನೆ, ತಡೆಯದಿದ್ದರೆ ಅಕ್ಟೋಬರ್‌ಗೇ ಮುಗೀತು.

ಸಯ್ಯಾಜಿರಾವ್_ರಸ್ತೆ (ಸೆಪ್ಟೆಂಬರ್ 2025)

ಕೊಬ್ಬರಿ ಸಾರ್, ಮೊದಲ ಪಂದ್ಯ ನೋಡಿದಿರಾ? ಅದೇ ಹಳೇ ಜೆಟ್ಸ್ ಮೇಲೆ, ಅವರದೇ ಮೈದಾನದಲ್ಲಿ, 4 ಟಚ್‌ಡೌನ್! 34-32. ಪಕ್ಕದ ಡೆಸ್ಕಿನವನು ಹೆಡ್‌ಫೋನ್ ತೆಗೆದೇ ಇಲ್ಲ.

ತಿಪಟೂರು_ಕೊಬ್ಬರಿ

ನೋಡಿದೆ, ಖುಷಿಯಾಯ್ತು. ಗೆಲ್ಲಿಸಿದ್ದು ಮಾತ್ರ ನಿಮ್ಮ ಕಿಕ್ಕರ್ ಬಾಸ್‌ವೆಲ್ 60 ಯಾರ್ಡಿನಿಂದ ಒದ್ದದ್ದು, ಅದನ್ನೂ ಹೇಳಿ. ಸೆಪ್ಟೆಂಬರ್‌ನಲ್ಲಿ ಬಿಸಿಲಿರುತ್ತದೆ, ಮೈ ಹೊಸದಾಗಿರುತ್ತದೆ. ಮ್ಯಾನಿಂಗ್ ಕೂಡ 2014ರ ಸೆಪ್ಟೆಂಬರ್‌ನಲ್ಲಿ ಚೆನ್ನಾಗೇ ಇದ್ದ. ಥ್ಯಾಂಕ್ಸ್‌ಗಿವಿಂಗ್ ಕಳೆದು, ನಿಮ್ಮ ನದಿ ದಡದಲ್ಲಿ ಚಳಿಗಾಳಿ ಬೀಸುವಾಗ ಆ ಅಡ್ಡ ಎಸೆತ ಎಸೆಯುತ್ತಾನಾ ನೋಡಿ ಬಂದು ಹೇಳಿ. ಅಂದಹಾಗೆ ಹೆಂಡತಿಗೆ ಹೇಳಿದಿರಾ?

ಸಯ್ಯಾಜಿರಾವ್_ರಸ್ತೆ

ಹೇಳಿದೆ ಸಾರ್. ಕ್ವಾರ್ಟರ್‌ಬ್ಯಾಕ್ ಯಾರು, ವಯಸ್ಸೆಷ್ಟು, ಏನೂ ಕೇಳಲಿಲ್ಲ. "14 ಜನಕ್ಕೆ ನಮ್ಮ ಕುಕ್ಕರ್ ಸಾಲಲ್ಲ, ಯಾರ ಮನೆಯಿಂದ ದೊಡ್ಡ ಪಾತ್ರೆ ತರುತ್ತೀರಿ?" ಅಂತ ಕೇಳಿದಳು.