ಮಣ್ಣೆತ್ತು ಮಾಡಿದ ಕೈ ಈಗ ತಿಗರಿ ಹಿಡಿಯಬಹುದಾ?

ಧಾರವಾಡದ ಹುಡುಗಿ:
ಎಲ್ಲರಿಗೂ ನಮಸ್ಕಾರ. ಚಿಕ್ಕವಳಿದ್ದಾಗ ನನಗೆ ದೀಪಾವಳಿಗಿಂತ ಮಣ್ಣೆತ್ತಿನ ಅಮಾವಾಸ್ಯೆಯೇ ದೊಡ್ಡ ಹಬ್ಬ. ಅಜ್ಜ ಕೆರೆಯಿಂದ ಎರೆಮಣ್ಣು ತರುತ್ತಿದ್ದರು, ನಾನು ಜೋಡೆತ್ತು ಮಾಡಿ, ಅವು ಮೇಯೋಕೆ ಗೋದಲಿಯನ್ನೂ ಮಾಡಿ, ಓಣಿಯವರಿಗೆಲ್ಲ ತೋರಿಸಿ ಬರುತ್ತಿದ್ದೆ. ಆಷಾಢದ ಮಂಗಳವಾರ ಪೂಜಿಸುವ ಮಣ್ಣಿನ ಗೊಂಬೆ ಗುಳ್ಳವ್ವನಿಗೆ ಗುಲಗಂಜಿ ಅಂಟಿಸುವ ಕೆಲಸವೂ ನನ್ನದೇ. ಆಮೇಲೆ ಓದು, ಮದುವೆ, ಬೆಂಗಳೂರು. ಈಗ ವಯಸ್ಸು 38, ಲೆಕ್ಕಪತ್ರದ ಕೆಲಸ. ಆರು ತಿಂಗಳಿಂದ ಭಾನುವಾರ ಕುಂಬಾರಿಕೆ ಕಲಿಯುತ್ತಿದ್ದೇನೆ. ಮಣ್ಣು ತಿಗರಿಯ, ಅಂದರೆ ಕುಂಬಾರರ ಚಕ್ರದ, ನಡುವೆ ನಿಲ್ಲುವುದೇ ಇಲ್ಲ, ಹೋದ ವಾರ ಮಾಡಿದ 4 ಬಟ್ಟಲಲ್ಲಿ 3ರ ತಳ ಸೀಳಿತು. ಆದರೂ ಕೆಲಸ ಬಿಟ್ಟು ಇದನ್ನೇ ಕಲಿಯಬೇಕು ಅನ್ನಿಸುತ್ತಿದೆ. ತಡವಾಯಿತಾ?

ಕುಂಬಾರರ ಮನೆಯವನು:
ಅಕ್ಕ, ತಡ ಏನೂ ಆಗಿಲ್ಲ. ಮೊದಲು ತಳದ ವಿಷಯ ಹೇಳುತ್ತೇನೆ. ಮಣ್ಣು ಒಣಗುವಾಗ ಕುಗ್ಗುತ್ತದೆ, ಅಂಚು ಬೇಗ ಒಣಗಿ ದಪ್ಪ ತಳ ಹಸಿಯಾಗೇ ಉಳಿದರೆ ಎಳೆದಾಟವಾಗಿ ಸೀಳುತ್ತದೆ. ತಿಗರಿಯ ಮೇಲಿರುವಾಗಲೇ ತಳವನ್ನು ಬೆರಳಲ್ಲಿ ಚೆನ್ನಾಗಿ ಒತ್ತಿ, ನೀರು ನಿಲ್ಲಲು ಬಿಡಬೇಡಿ. ಅಂಚು ಸ್ವಲ್ಪ ಗಟ್ಟಿಯಾದ ಮೇಲೆ ಬೋರಲು ಹಾಕಿ, ಬಟ್ಟೆ ಮುಚ್ಚಿ ನಿಧಾನಕ್ಕೆ ಒಣಗಿಸಿ. ಒಳಗೆ ಹಸಿ ಉಳಿದದ್ದನ್ನು ಆವಿಗೆಗೆ, ಅಂದರೆ ಮಡಕೆ ಸುಡುವ ಗೂಡಿಗೆ, ಇಟ್ಟರೆ ನೀರು ಆವಿಯಾಗಿ ಮಡಕೆಯೇ ಒಡೆದುಹೋಗುತ್ತದೆ.

ನಮ್ಮಪ್ಪ ನನ್ನನ್ನು ಮೊದಲ ವರ್ಷ ತಿಗರಿ ಮುಟ್ಟಲು ಬಿಡಲಿಲ್ಲ. ಮಣ್ಣು ತುಳಿಯೋದು, ಕಲ್ಲು ಆರಿಸೋದು, ಮರಳು ಬೆರೆಸೋದು, ಅಷ್ಟೇ. ಆಗ ಸಿಟ್ಟು ಬರುತ್ತಿತ್ತು. ಈಗ ಮಣ್ಣನ್ನು ಹಿಡಿದ ಕೂಡಲೇ ಇದು ನಿಲ್ಲುತ್ತದಾ ಇಲ್ಲವಾ ಅಂತ ಕೈಗೇ ಗೊತ್ತಾಗುತ್ತದೆ. ನೀರಿನ ಕೊಡದ ಗುಂಡು ತಳ ತಿಗರಿಯಲ್ಲೇ ಬರುತ್ತದೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಅದು ಒಳಗೆ ಕಲ್ಲು ಹಿಡಿದು ಹೊರಗಿನಿಂದ ಹಲಗೆಯಲ್ಲಿ ತಟ್ಟಿ ತಟ್ಟಿ ಬರೋದು. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಅನ್ನೋದು ಸುಮ್ನೆ ಬಂದ ಮಾತಲ್ಲ.

ಒಂದು ಮಾತು ನೇರವಾಗಿ: ಕೆಲಸ ಈಗಲೇ ಬಿಡಬೇಡಿ. ಹಣತೆ, ಮಡಕೆ ನಂಬಿ ಮನೆ ನಡೆಸೋದು ಎಷ್ಟು ಕಷ್ಟ ಅಂತ ನಮ್ಮ ಮನೆಯಲ್ಲೇ ನೋಡಿದ್ದೇನೆ.

ಸ್ಟುಡಿಯೋದಲ್ಲಿ ಕಲಿತವಳು:
ಅವರು ಹೇಳಿದ್ದು ಸರಿ. ನಾನು ಕೆಲಸದ ಜೊತೆಗೇ ನಾಲ್ಕು ವರ್ಷ ಕಲಿತೆ. ಮಣ್ಣು ನಡುವಿಗೆ ನಿಲ್ಲಲು ನನಗೆ ಎಂಟು ತಿಂಗಳು ಬೇಕಾಯಿತು, ಮೊಣಕೈಯನ್ನು ತೊಡೆಗೆ ಊರಿ ಕೂತ ದಿನ ಅದು ನಿಂತಿತು. ವಾರಕ್ಕೆ ಒಂದು ದಿನ ಸಾಲದು, ಎರಡು ಮಾಡಿಕೊಳ್ಳಿ. ಜಾಸ್ತಿ ದಿನ ರಜೆ ಸಿಕ್ಕರೆ ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ ಇದೆ, ನಿಮ್ಮ ಊರಿಗೂ ದೂರವಲ್ಲ, ವಿಚಾರಿಸಿ. 1200 ಡಿಗ್ರಿ ದಾಟಿಸಿ ಸುಡುವ ಹೊಳಪಿನ ಪಾತ್ರೆಗಳ ಕಡೆ ಆಸೆ ಇದ್ದರೆ ಪಾಂಡಿಚೇರಿಯ ಗೋಲ್ಡನ್ ಬ್ರಿಡ್ಜ್ ಪಾಟರಿ ಬಗ್ಗೆ ಓದಿ, 1971ರಲ್ಲಿ ಶುರುವಾದದ್ದು, ನಮ್ಮ ದೇಶದ ಎಷ್ಟೋ ಸ್ಟುಡಿಯೋ ಕುಂಬಾರರು ಅಲ್ಲಿಂದ ಬಂದವರು.

ಇನ್ನೊಂದು, ನೀವು ಬಟ್ಟಲೇ ಮಾಡಬೇಕಾ? ನಿಮ್ಮ ಕೈಗೆ ಮೊದಲು ಗೊತ್ತಾಗಿದ್ದು ಎತ್ತು, ಅಲ್ವಾ?

ಧಾರವಾಡದ ಹುಡುಗಿ:
ಇಬ್ಬರಿಗೂ ತುಂಬ ಥ್ಯಾಂಕ್ಸ್. ಕೊನೆಯ ಸಾಲು ಓದಿ ಕಣ್ಣು ತುಂಬಿತು. ಕೆಲಸ ಬಿಡುವುದಿಲ್ಲ, ಶನಿವಾರವೂ ಸೇರಿಸಿಕೊಳ್ಳುತ್ತೇನೆ. ಇವತ್ತು ಉಳಿದ ಮಣ್ಣಲ್ಲಿ ಒಂದು ಎತ್ತು ಮಾಡಿದೆ. ಕೊಂಬು ಇನ್ನೂ ಹಸಿ ಇದೆ, ಬಟ್ಟೆ ಮುಚ್ಚಿ ಇಟ್ಟಿದ್ದೇನೆ.