ಸುಳ್ಳು ತೂಕ ಬರಿ ಅಂತಾರೆ: ಕೆಲಸ ಉಳಿಸಿಕೊಳ್ಳಲಾ, ದೇವರ ಮೇಲೆ ಭಾರ ಹಾಕಿ ಬಿಡಲಾ?

ಗಂಜ್ ಗುಮಾಸ್ತ, ಕಲಬುರಗಿ

ಎಲ್ಲರಿಗೂ ಯೇಸುವಿನ ನಾಮದಲ್ಲಿ ವಂದನೆ. ನಾನು ಇಲ್ಲಿ ಧಾನ್ಯದ ಮಾರುಕಟ್ಟೆಯಾದ ಗಂಜ್‌ನಲ್ಲಿ ಒಂದು ಅಡತ್ (ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಸಿಕೊಡುವ) ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಹಳೆಯ ಸಾವ್ಕಾರರು ಇದ್ದಷ್ಟು ದಿನ ಯಾವ ತೊಂದರೆಯೂ ಇರಲಿಲ್ಲ. ಈಗ ವ್ಯವಹಾರ ಮಗನ ಕೈಗೆ ಬಂದಿದೆ. ಹೊಸ ತೊಗರಿ ಬರೋಕೆ ಶುರುವಾಗಿದೆ. ಮೊನ್ನೆ ಒಳಗೆ ಕರೆದು ಹೇಳಿದರು: ಕಾಟಾ (ತೂಕದ ಯಂತ್ರ) ಮೇಲೆ ಒಂದು ಚೀಲ 51 ಕೆ.ಜಿ. 400 ಗ್ರಾಂ ಅಂತ ಬಂದರೂ ಚೀಟಿಯಲ್ಲಿ 50 ಅಂತಲೇ ಬರಿ, ರೈತ ಕೇಳಿದರೆ ಖಾಲಿ ಚೀಲದ ತೂಕ, ಮಣ್ಣು, ಕಸ ಅಂತ ಹೇಳು. ಸೋಮವಾರದಿಂದ ಹೀಗೇ ನಡೀಬೇಕಂತೆ. ಆಗಲ್ಲ ಅಂದರೆ ನನ್ನ ಜಾಗಕ್ಕೆ ಬೇರೆಯವರು ರೆಡಿ ಇದ್ದಾರಂತೆ.

ಮಗಳು ನರ್ಸಿಂಗ್ ಓದುತ್ತಿದ್ದಾಳೆ, ಫೀಸು ಬಾಕಿ ಇದೆ. ಮನೆ ಸಾಲದ ಕಂತು ಬೇರೆ. ಮನೆಯವಳು "ದೇವರು ಬುದ್ಧಿ ಕೊಟ್ಟಿರೋದು ಯಾಕೆ, ಸೀಸನ್ ಮುಗಿಯೋವರೆಗೆ ಸುಮ್ನೆ ಇರಿ" ಅನ್ನುತ್ತಾಳೆ. ಅವಳನ್ನು ತಪ್ಪು ಅನ್ನೋಕೆ ಬಾಯಿ ಬರೋದಿಲ್ಲ, ಮನೆ ನಡೆಸೋಳು ಅವಳೇ ಅಲ್ವಾ. ಯೇಸು ಸರ್ಪಗಳಂತೆ ಜಾಣರಾಗಿರಿ ಅಂದಿದ್ದಾರೆ. ತನ್ನ ಪ್ರಾಣ ಉಳಿಸಿಕೊಳ್ಳಬೇಕು ಅನ್ನೋನು ಅದನ್ನು ಕಳೆದುಕೊಳ್ಳುತ್ತಾನೆ ಅಂತಲೂ ಅಂದಿದ್ದಾರೆ. ಬೇರೆ ಕೆಲಸ ಕೈಯಲ್ಲಿ ಇಲ್ಲದೆ ಇದನ್ನು ಬಿಟ್ಟರೆ ಅದು ನಂಬಿಕೆಯಾ, ಇಲ್ಲಾ ದೇವರನ್ನು ಪರೀಕ್ಷೆ ಮಾಡಿದ ಹಾಗಾ? ನಿಜವಾಗಿ ಕೇಳುತ್ತಿದ್ದೇನೆ.

ಸೇಡಂ ಬ್ರದರ್

ನಾಳೆಯೇ ರಾಜೀನಾಮೆ ಕೊಡಿ ಬ್ರದರ್. ದೇವರು ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆಯುತ್ತಾನೆ. ಇದಕ್ಕಿಂತ ಎರಡು ಪಟ್ಟು ಸಂಬಳದ ಕೆಲಸ ಸಿಗುತ್ತದೆ, ವಿಶ್ವಾಸದಿಂದ ಹೇಳುತ್ತೇನೆ. ಆಮೆನ್.

ಯಾದಗಿರಿ ತಮ್ಮ

ಸೇಡಂ ಬ್ರದರ್, ಬೇಜಾರು ಮಾಡ್ಕೋಬೇಡಿ, ಆದರೆ ಎರಡು ಪಟ್ಟು ಸಂಬಳ ಅಂತ ದೇವರ ಹೆಸರಲ್ಲಿ ಮಾತು ಕೊಡೋಕೆ ನಿಮಗೆ ಯಾರು ಹೇಳಿದರು? ನಮ್ಮ ಸಭೆಗಳಲ್ಲಿ ಇದು ಜಾಸ್ತಿ ಆಗಿದೆ. "ಭಾರ ಹಾಕಿ ಬಿಡಿ" ಅಂತ ಎಲ್ಲರೂ ಹೇಳುತ್ತಾರೆ, ಮುಂದಿನ ತಿಂಗಳು ಆ ಮನೆಯ ಕಂತು ಕಟ್ಟೋಕೆ ಒಬ್ಬರೂ ಬರೋದಿಲ್ಲ. ಕೆಲಸ ಹೋಗಿ ಆರು ತಿಂಗಳು ಏನೂ ಸಿಗಲಿಲ್ಲ ಅಂದ್ಕೊಳ್ಳಿ. ಆಗ ಇದೇ ಜನ "ಅಣ್ಣನಿಗೆ ನಂಬಿಕೆ ಸಾಲಲಿಲ್ಲ" ಅಂತಾರೆ. ಅಣ್ಣಾ, ನಾನು ಸುಳ್ಳು ಬರೀರಿ ಅಂತ ಹೇಳುತ್ತಿಲ್ಲ. ಆದರೆ ಹೆದರಿಕೆ ಆಗೋದನ್ನು ಪಾಪ ಅಂತ ತಿಳ್ಕೋಬೇಡಿ. ಶಿಲುಬೆಗೆ ಹೋಗೋ ಹಿಂದಿನ ರಾತ್ರಿ ಗೆತ್ಸೆಮನೆಯಲ್ಲಿ ಯೇಸುವೇ ಈ ಪಾತ್ರೆ, ಅಂದರೆ ಈ ಕಷ್ಟ, ನನ್ನಿಂದ ತೊಲಗಲಿ ಅಂತ ಬೇಡಿಕೊಂಡರು.

ಮಂಗಲಪೇಟೆ ಟೀಚರ್, ಬೀದರ್

ಗುಮಾಸ್ತ ಅಣ್ಣನವರಿಗೆ ವಂದನೆ. ನಾನು ಗಣಿತ ಪಾಠ ಮಾಡಿ ನಿವೃತ್ತಿ ಆದವಳು, ಅದಕ್ಕೇ ಮೊದಲು ಲೆಕ್ಕ ಹಾಕಿದೆ. ಒಂದು ಚೀಲಕ್ಕೆ 1 ಕೆ.ಜಿ. 400 ಗ್ರಾಂ ಅಂದರೆ 40 ಚೀಲ ತಂದ ರೈತನಿಗೆ 56 ಕೆ.ಜಿ. ಹೋಯಿತು. 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ಆ ದರದಲ್ಲೇ ನೋಡಿದರೂ 4,480 ರೂಪಾಯಿ. ಚೀಲಕ್ಕೆ ಅಂತ ಏನಾದರೂ ಕಳೆಯೋದಿದ್ದರೂ ಖಾಲಿ ಗೋಣಿಚೀಲ ಅಷ್ಟು ತೂಗೋದಿಲ್ಲ. ಅದೂ ಒಬ್ಬನೇ ರೈತನದು, ಒಂದೇ ದಿನದ್ದು.

ಇದನ್ನು ಯಾಕೆ ಹೇಳಿದೆ ಅಂದರೆ, ನಿಮ್ಮ ಪ್ರಶ್ನೆಯಲ್ಲಿ ನೀವಿದ್ದೀರಿ, ಮಗಳಿದ್ದಾಳೆ, ಸಾವ್ಕಾರ ಇದ್ದಾನೆ, ದೇವರಿದ್ದಾನೆ. ಆ ರೈತ ಮಾತ್ರ ಇಲ್ಲ. ಅವನಿಗೂ ಓದೋ ಮಗಳು ಇರಬಹುದು.

ಅಬ್ರಹಾಮನ ಕಥೆ ನೆನಪು ಮಾಡ್ಕೊಳ್ಳಿ. ಬರಗಾಲ ಬಂತು, ಐಗುಪ್ತಕ್ಕೆ (ಈಜಿಪ್ಟ್‌ಗೆ) ಇಳಿದು ಹೋದ. ಅದರಲ್ಲಿ ತಪ್ಪೇನಿಲ್ಲ, ಹೊಟ್ಟೆಪಾಡಿಗೆ ನಮ್ಮವರೂ ಮುಂಬೈ, ಪುಣೆ, ಹೈದರಾಬಾದ್ ಅಂತ ಹೋಗುತ್ತಾರೆ. ಅಲ್ಲಿಗೆ ಹತ್ತಿರ ಬಂದಾಗ, ಹೆಂಡತಿ ಚೆಲುವೆ, ಅವಳಿಗಾಗಿ ತನ್ನನ್ನು ಕೊಂದಾರು ಅಂತ ಹೆದರಿ, ಅವಳನ್ನು ತಂಗಿ ಅಂತ ಹೇಳಿಸಿದ. ಅವನ ಪ್ರಾಣ ಉಳೀತು, ಕುರಿ ದನ ಕತ್ತೆ ಒಂಟೆ ಎಲ್ಲಾ ಸಿಕ್ಕವು. ಹೆಂಡತಿ ಸಾರಾ ಅಲ್ಲಿನ ಅರಸ ಫರೋಹನ ಅರಮನೆಗೆ ಹೋಗಬೇಕಾಯಿತು! ದೇವರು ಕೈ ಹಾಕಿ ಬಿಡಿಸಿಕೊಂಡು ಬರದಿದ್ದರೆ ಅವಳ ಗತಿ ಏನು? ಆಮೇಲೆ ಗೆರಾರ್ ಅನ್ನೋ ಊರಲ್ಲೂ ಅವನು ಅದೇ ಸುಳ್ಳು ಹೇಳಿದ. ಮುಂದೆ ಮಗ ಇಸಾಕನೂ ಹೇಳಿದ. ದೇವರು ಕರೆದ, ವಾಗ್ದಾನ ಕೊಟ್ಟ ಮನುಷ್ಯನೇ ತನ್ನ ಜೀವದ ಪ್ರಶ್ನೆ ಬಂದಾಗ ಹೆಂಡತಿಯನ್ನು ಮುಂದೆ ತಳ್ಳಿದ. ನನ್ನನ್ನು ನಾನು ಉಳಿಸಿಕೊಳ್ಳುವಾಗ ಅದರ ಬೆಲೆ ಯಾರು ಕಟ್ಟುತ್ತಾರೆ ಅಂತ ನೋಡಿ ಅಣ್ಣಾ. ನೀವೇ ಕಷ್ಟ ತಡ್ಕೊಂಡು, ಖರ್ಚು ಕಡಿಮೆ ಮಾಡ್ಕೊಂಡು ಉಳಿಸಿಕೊಂಡರೆ ಅದು ಬೇರೆ ಮಾತು. ಇಲ್ಲಿ ಕಟ್ಟೋನು ಜೇವರ್ಗಿಯಿಂದಲೋ ಅಫಜಲಪುರದಿಂದಲೋ ಟ್ರ್ಯಾಕ್ಟರ್ ಬಾಡಿಗೆ ಕೊಟ್ಟು ಬಂದಿರೋ ಮನುಷ್ಯ, ಅವನು ನಿಮ್ಮ ಚೀಟಿ ನಂಬಿ ಜೇಬಿಗೆ ಹಾಕ್ಕೊಂಡು ಹೋಗುತ್ತಾನೆ.

ಆಳಂದ ಉಪದೇಶಿ

ಟೀಚರಮ್ಮನವರ ಮಾತಿಗೆ ನಾನು ಸ್ವಲ್ಪ ಸೇರಿಸುತ್ತೇನೆ.

ಅಪಾಯದಿಂದ ತಪ್ಪಿಸಿಕೊಳ್ಳೋದು ಅವಿಶ್ವಾಸ ಅಲ್ಲ. ಅಪೊಸ್ತಲ ಪೌಲನನ್ನು ದಮಸ್ಕದಲ್ಲಿ ಕೊಲ್ಲೋಕೆ ಕಾಯುತ್ತಿದ್ದಾಗ ಶಿಷ್ಯರು ರಾತ್ರಿ ಬುಟ್ಟಿಯಲ್ಲಿ ಕೂರಿಸಿ ಗೋಡೆಯಿಂದ ಇಳಿಸಿದರು. ಅವನು ಇಳಿದು ಹೋದ. ಅದೇ ಪೌಲ ಫಿಲಿಪ್ಪಿಯ ಸೆರೆಮನೆಯಲ್ಲಿ ಭೂಕಂಪ ಆಗಿ ಬಾಗಿಲೆಲ್ಲಾ ತೆರೆದರೂ ಓಡಲಿಲ್ಲ. ಓಡಿದ್ದರೆ ಸೆರೆಮನೆಯ ಯಜಮಾನ ಕತ್ತಿ ಹಿರಿದು ತನ್ನನ್ನೇ ಕೊಂದುಕೊಳ್ಳುತ್ತಿದ್ದ. ಟೀಚರಮ್ಮ ಹೇಳಿದ ಹಾಗೆ, ಬೇರೆ ಒಬ್ಬನ ಪ್ರಾಣ ತನ್ನ ಬಿಡುಗಡೆಯ ಬೆಲೆ ಆಗುತ್ತದೆ ಅಂದಾಗ ಪೌಲ ಕೂತಲ್ಲೇ ಕೂತ.

ಸೇಡಂ ಬ್ರದರ್‌ಗೆ ಒಂದು ಮಾತು. 2ನೇ ಶತಮಾನದಲ್ಲಿ ಸ್ಮುರ್ನದ (ಈಗಿನ ಟರ್ಕಿಯ ಇಜ್ಮಿರ್) ಸಭೆಯ ಬಿಷಪ್ ಪೊಲಿಕಾರ್ಪ್ ಅಂತ ಒಬ್ಬ ಹಿರಿಯರಿದ್ದರು. ರೋಮನ್ನರ ಆಳ್ವಿಕೆಯಲ್ಲಿ ಕ್ರೈಸ್ತರ ಮೇಲೆ ಹಿಂಸೆ ಶುರುವಾದಾಗ ಅವರು ಊರಲ್ಲೇ ಇರ್ತೇನೆ ಅಂದರು, ಸಭೆಯವರು ಕೇಳಿಕೊಂಡ ಮೇಲೆ ಹಳ್ಳಿ ಕಡೆ ಒಂದು ತೋಟದ ಮನೆಗೆ ಹೋದರು, ಅಲ್ಲಿಂದ ಇನ್ನೊಂದಕ್ಕೆ. ಕ್ವಿಂತ ಅನ್ನೋ ಇನ್ನೊಬ್ಬ ಕ್ರೈಸ್ತ ತಾನಾಗಿ ಮುಂದೆ ಬಂದ, ಬೇರೆ ಕೆಲವರನ್ನೂ ಹಾಗೇ ಮುಂದೆ ಬರೋಕೆ ಒತ್ತಾಯಿಸಿದ. ಕಾಡುಮೃಗ ಕಂಡ ಕೂಡಲೇ ಹೆದರಿ ಅಧಿಕಾರಿ ಹೇಳಿದ ಹಾಗೆ ಬಲಿ ಅರ್ಪಿಸಿಬಿಟ್ಟ. ಪೊಲಿಕಾರ್ಪ್ ಮಾತ್ರ ಸೈನಿಕರು ಬಂದಾಗ ಓಡಲಿಲ್ಲ, ಬಂದವರಿಗೆ ಊಟ ಹಾಕಿಸಿದರು, ಪ್ರಾರ್ಥನೆಗೆ ಸ್ವಲ್ಪ ಸಮಯ ಕೇಳಿದರು, ಆಮೇಲೆ ಹೋದರು. ಕ್ರಿಸ್ತನನ್ನು ಬೈಯಿ, ಬಿಟ್ಟುಬಿಡ್ತೇನೆ ಅಂದಾಗ ಒಪ್ಪಲಿಲ್ಲ. ಅವರನ್ನು ಸುಟ್ಟರು. ತಾವಾಗಿ ಹೋಗಿ ಸಿಕ್ಕಿಬೀಳೋರನ್ನು ನಾವು ಹೊಗಳೋದಿಲ್ಲ ಅಂತ ಆ ಸಭೆಯವರೇ ಪತ್ರದಲ್ಲಿ ಬರೆದರು. ಹಾಗಾಗಿ ನಾಳೆಯೇ ರಾಜೀನಾಮೆ ಬೇಡ. ಅಣ್ಣ ಕೆಲಸ ಬಿಡಬೇಕು ಅಂತ ದೇವರು ಎಲ್ಲೂ ಹೇಳಿಲ್ಲ. ಸುಳ್ಳು ತೂಕ ಬೇಡ ಅಂತ ಮಾತ್ರ ಹೇಳಿದ್ದಾನೆ, ಬೈಬಲಿನ ಯಾಜಕಕಾಂಡ 19ರಲ್ಲಿ ತುಂಬಾ ಸ್ಪಷ್ಟವಾಗಿ. ನೀವು ಎಂದಿನ ಹಾಗೆ ಹೋಗಿ ಕೂತ್ಕೊಳ್ಳಿ, ಕಾಟಾ ಏನು ತೋರಿಸುತ್ತದೋ ಅದನ್ನೇ ಬರೀರಿ. ತೆಗೆಯೋದಾದರೆ ಅವರು ತೆಗೀಲಿ.

ತೆಗೆದೇಬಿಟ್ಟರೆ? ಯಾದಗಿರಿ ತಮ್ಮ ಕೇಳಿದ್ದು ಸರಿಯಾದ ಪ್ರಶ್ನೆ. ಬಾಬೆಲಿನ ಅರಸನ ಪ್ರತಿಮೆಗೆ ಅಡ್ಡ ಬೀಳೋಕೆ ಒಪ್ಪದ ಶದ್ರಕ್, ಮೇಶಕ್, ಅಬೇದ್‌ನೆಗೋ ಉರಿಯೋ ಕುಲುಮೆ ಮುಂದೆ ನಿಂತು, ನಮ್ಮ ದೇವರು ಬಿಡಿಸಬಲ್ಲ, ಬಿಡಿಸದಿದ್ದರೂ ನಾವು ಅಡ್ಡ ಬೀಳೋದಿಲ್ಲ ಅಂದರು. ಆ "ಬಿಡಿಸದಿದ್ದರೂ" ಇಲ್ಲದ ನಂಬಿಕೆ ದೇವರ ಜೊತೆ ವ್ಯಾಪಾರ ಆಗಿಬಿಡುತ್ತದೆ.

ತನ್ನ ಯೆಹೂದ್ಯ ಜನರನ್ನು ಉಳಿಸಬೇಕಾದಾಗ ರಾಣಿ ಎಸ್ತೇರಳೂ ಒಮ್ಮೆಲೇ ಅರಸನ ಮುಂದೆ ನುಗ್ಗಲಿಲ್ಲ. ಮೂರು ದಿನ ತಾನೂ ಉಪವಾಸ ಇದ್ದಳು, ಶೂಷನ್ ಪಟ್ಟಣದ ಯೆಹೂದ್ಯರೆಲ್ಲರಿಗೂ ಹೇಳಿ ಇರಿಸಿದಳು. ಒಬ್ಬಳೇ ಹೊರಲಿಲ್ಲ. ನೀವೂ ನಿಮ್ಮ ಸಭೆಯ ಹಿರಿಯರಿಗೆ ಇದನ್ನು ಹೇಳಿದ್ದೀರಾ?

ಗಂಜ್ ಗುಮಾಸ್ತ, ಕಲಬುರಗಿ

ಇಲ್ಲ ಅಯ್ಯನವರೇ, ಹೇಳಿಲ್ಲ. ನಾಚಿಕೆ. ಸಾಲ, ಫೀಸು ಅಂತ ಸಭೆಯಲ್ಲಿ ಬಾಯಿ ಬಿಡೋದು ಹೇಗೆ.

ಟೀಚರಮ್ಮ ಬರೆದದ್ದನ್ನು ಮನೆಯವಳಿಗೆ ಓದಿ ಹೇಳಿದೆ. ಸಾರಾಳ ಮಾತು ಬಂದಾಗ ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಕೂತಳು. ಅವಳ ಅಪ್ಪನೂ ತೊಗರಿ ಬೆಳೆಯೋರು, ಅಫಜಲಪುರ ಕಡೆಯವರೇ. "ಅಪ್ಪನ ಚೀಲ ಬಂದರೂ ಹಿಂಗೇ ಬರೀತಿದ್ರಾ?" ಅಂತ ಕೇಳಿದಳು. ಆಮೇಲೆ ಇಬ್ಬರೂ ಕೂತು ಖರ್ಚಿನ ಪಟ್ಟಿ ಮಾಡಿದೆವು. ಅವಳ ಬಳೆ ಇಡೋಣ ಅಂತ ಅವಳೇ ಅಂದಳು. ಭಯ ಹೋಗಿಲ್ಲ. ಆದರೆ ಸೋಮವಾರ ನಾನು 51 ಕೆ.ಜಿ. 400 ಗ್ರಾಂ ಅಂತಲೇ ಬರೆಯೋದು. ಅದಕ್ಕಿಂತ ಮುಂಚೆ ಶನಿವಾರ ಹಳೆಯ ಸಾವ್ಕಾರರ ಮನೆಗೆ ಹೋಗಿ, ಮಗನ ಮೇಲೆ ದೂರು ಅಂತಲ್ಲ, ನನ್ನ ಕೈಯಲ್ಲಿ ಇದು ಆಗಲ್ಲ ಅಂತ ಹೇಳಿ ಬರ್ತೇನೆ.

ಮಂಗಲಪೇಟೆ ಟೀಚರ್, ಬೀದರ್

ಹೋಗಿ ಬನ್ನಿ ಅಣ್ಣಾ. ಬಳೆ ಇಡೋಕೆ ಮುಂಚೆ ನಿಮ್ಮ ಪಾಸ್ಟರ್ ಹತ್ತಿರ ಮಾತಾಡಿ. ಅಪೊಸ್ತಲರ ಕಾಲದಲ್ಲಿ ಸಭೆಯೊಳಗೆ ಕೊರತೆಯಲ್ಲಿರೋನು ಒಬ್ಬನೂ ಇರಲಿಲ್ಲ ಅಂತ ಬರೆದಿದೆ. ಇದ್ದವರು ತಂದು ಕೊಟ್ಟರು, ಇಲ್ಲದವರು ತಗೊಂಡರು. ತಗೊಂಡವರನ್ನು ಯಾರೂ ಕೀಳಾಗಿ ನೋಡಿದ ಹಾಗೆ ಬರೆದಿಲ್ಲ. ಮಗಳ ಈ ಸಲದ ಫೀಸು ಎಷ್ಟು ಅಂತ ನನಗೆ ಪ್ರತ್ಯೇಕವಾಗಿ ಮೆಸೇಜ್ ಮಾಡಿ.

ಸೇಡಂ ಬ್ರದರ್

ಯಾದಗಿರಿ ತಮ್ಮ ಹೇಳಿದ್ದು ಒಪ್ಪುತ್ತೇನೆ. ಭಾನುವಾರ ನಮ್ಮ ಸಭೆಯಲ್ಲೂ ಪ್ರಾರ್ಥನೆ ಮಾಡುತ್ತೇವೆ, ಹೆಸರು ಹೇಳೋದಿಲ್ಲ.

ಯಾದಗಿರಿ ತಮ್ಮ

ಅಣ್ಣಾ, ಶಹಾಪುರದಲ್ಲಿ ಹತ್ತಿ ಜಿನ್ನಿಂಗ್ ಮಿಲ್ ಒಂದರಲ್ಲಿ ಲೆಕ್ಕ ನೋಡೋರು ಬೇಕು ಅಂತ ಕೇಳಿದ್ದೆ, ವಿಚಾರಿಸಿ ಹೇಳುತ್ತೇನೆ. ಸಿಗುತ್ತದೆ ಅಂತ ಮಾತು ಕೊಡುತ್ತಿಲ್ಲ, ಸಂಬಳವೂ ಗಂಜ್‌ಗಿಂತ ಕಡಿಮೆ ಇರಬಹುದು. ಟ್ಯಾಲಿ ಗೊತ್ತಿದೆಯಾ? ಜಿಎಸ್‌ಟಿ ರಿಟರ್ನ್ ನೀವೇ ಹಾಕುತ್ತೀರಾ? ಎರಡೂ ಬಯೋಡೇಟಾದಲ್ಲಿ ಬರೆದು ಇವತ್ತು ರಾತ್ರಿಯೇ ಕಳಿಸಿ.