ನೈಋತ್ಯದ ಬೆಡ್‌ರೂಮ್: ಆರಾಮೂ ಇರಬೇಕು, ಮಾರೂ ಮುಂದ ಬೆಲಿನೂ ಬರಬೇಕು

ಪ್ರಶ್ನೆ (ಧಾರವಾಡ): ನಮಸ್ಕಾರ್ರಿ ಸರ್. ಸಾಧನಕೇರಿ ಹತ್ರ ನಮ್ಮ ಮನಿ. ಮ್ಯಾಲಿನ ಮಹಡಿ ನೈಋತ್ಯದ ಬೆಡ್‌ರೂಮ್ ಹೊಸದಾಗಿ ಮಾಡಸಾಕತ್ತೇವಿ. ಪೂರ್ವ-ಪಶ್ಚಿಮ 11 ಅಡಿ, ದಕ್ಷಿಣ-ಉತ್ತರ 12 ಅಡಿ, ಎತ್ತರ 10 ಅಡಿ. ಪಶ್ಚಿಮಕ್ಕ 4x4 ಸ್ಲೈಡಿಂಗ್ ಕಿಡಕಿ, ಪೂರ್ವಕ್ಕ ಬಾಗಿಲ, ಉತ್ತರದ ಗೋಡಿ ಆಚೆ ಬಾತ್‌ರೂಮ್. ಬಡಿಗ್ಯಾರು ಕಿಡಕಿ ಸುತ್ತ ಗೋಡಿ ತುಂಬ ಕಪಾಟ, ಗೋಡಿಗೇ ಕೂಡಿಸಿದ 6 ಅಡಿ ಅಗಲದ ಮಂಚ, ಮ್ಯಾಲ ಪಿಒಪಿ ಸೀಲಿಂಗ್ ಅಂತಾರ. ಐದಾರು ವರ್ಷಕ್ಕ ಮಾರೂ ವಿಚಾರನೂ ಐತಿ. ಏನ್ ಮಾಡಸೂದು?

ಉತ್ತರ: ಅಕ್ಕಾರ, ಮಾರೂ ವಿಚಾರ ಇದ್ರ ಮಂಚ ಗೋಡಿಗೆ ಕೂಡಸಬ್ಯಾಡ್ರಿ. ತಗೊಳ್ಳೋರು ಬಿಚ್ಚಿ ಒಗಿಯೂದರ ಖರ್ಚನೂ ಲೆಕ್ಕ ಹಾಕಿ ರೇಟ್ ಇಳಸ್ತಾರ. ರೊಕ್ಕ ಹಾಕೂದು ಆಮ್ಯಾಲ ಬದಲಸಾಕ ಬರದಿದ್ದಕ್ಕ: ಕಿಡಕಿ, ಹಸಿ, ಮಾಳಿಗಿ, ವೈರಿಂಗ್.

ಮೊದಲ ಕಿಡಕಿ. 132 ಚದರ ಅಡಿ ಖೋಲಿಗೆ ನಿಮ್ಮ 16 ಚದರ ಅಡಿ ಕಾಗದದ ಮ್ಯಾಲ ಸಾಕು. ಆದ್ರ ಸ್ಲೈಡಿಂಗ್ ಒಮ್ಮೆ ಅರ್ಧನೇ ತೆರಿತೈತಿ, ಗಾಳಿಗೆ ಸಿಗೂದು 8 ಚದರ ಅಡಿ. ಪೂರ್ತಿ ತೆರಿಯೂ ಕದದ ಕಿಡಕಿ ಹಾಕಸ್ರಿ, ಒಳಗ ಸೊಳ್ಳಿ ಜಾಳಿಗಿ. ದಕ್ಷಿಣದ ಗೋಡಿ ಹೊರಗಿಂದೇ ಇದ್ರ, ಮಂಚದ ತಲಿ ಮ್ಯಾಲ 7 ಅಡಿ ಎತ್ತರದಾಗ ಉದ್ದಕಿನ ಸಣ್ಣ ಕಿಡಕಿ ಕೂಡಿಸ್ರಿ. ಎರಡು ಕಡೆ ದಾರಿ ಇಲ್ಲದ ಗಾಳಿ ಖೋಲಿಯೊಳಗ ಆಡೂದಿಲ್ಲ. ಸಜ್ಜಾ 2 ಅಡಿ ಹೊರಗ ಬರಲಿ, ಅದರ ಕೆಳಗಿನ ಅಂಚಿನಾಗ ನೀರ ತಡಿಯೂ ಗೀರು, ಕಿಡಕಿ ಕಟ್ಟಿಗೆ ಹೊರಗಡೆ ಇಳಿಜಾರು. ಈ ಮೂರೂ ಇಲ್ಲಾಂದ್ರ ಜೂನ್‌ನಿಂದ ಪಡುವಣ ಗಾಳಿಗೆ ಮಳಿ ಹೊಡದು ಕಿಡಕಿ ಕೆಳಗಿನ ಗಿಲಾವ್ ಉದರಾಕ ಶುರು. ಸಂಜಿಮುಂದ ಬಿಸಲ ತೆಳಗ ಬರೂದರಿಂದ ಸಜ್ಜಾ ಅದನ್ನ ತಡಿಯೂದಿಲ್ಲ, ಕಿಡಕಿಗೆ ಹೊರಗಿಂದ ಬಿದಿರಿನ ಪರದೆ ಬೇಕು. ಒಳಗಿನ ಪರದೆ ಹಾಕಿದ್ರ ಶೆಕಿ ಆಗಲೇ ಒಳಗ ಬಂದಿರತೈತಿ.

ಕಪಾಟ ಮಳಿ ಹೊಡಿಯೂ ಪಶ್ಚಿಮದ ಗೋಡಿಗೆ ಬ್ಯಾಡ, ಉತ್ತರದ ಗೋಡಿಗೆ ಇರಲಿ. 2 ಅಡಿ ಆಳ, ಬೆನ್ನ ಹಿಂದ 2 ಇಂಚ ಜಾಗ. ದಕ್ಷಿಣಕ್ಕ ತಲಿ ಮಾಡಿ ಮಂಚ ಹಾಕಿದ್ರ ಉದ್ದಕ್ಕ 7 ಅಡಿ ಹೋತು, ನಡಕ 2 ಅಡಿ 10 ಇಂಚ ಉಳೀತು. ಕಪಾಟದ ಕದ 18 ಇಂಚಿನೊಳಗ ಇದ್ರ ಬೀಸಾಕ ಸಾಕು. 6 ಅಡಿ ಮಂಚ ಹಾಕಿದ್ರ ಎರಡೂ ಬಾಜೂ 2.5 ಅಡಿ, ಬಾಗಿಲ ಮಂಚಕ್ಕ ಬಡೀತೈತಿ. 5 ಅಡಿಯದ್ದು ತಗೊಂಡು ಸ್ವಲ್ಪ ಪಶ್ಚಿಮಕ್ಕ ಸರಸ್ರಿ. ಹೊಸದಾಗಿ ಮನಿ ನೋಡಾಕ ಬಂದವರು ಮೊದಲ ನೋಡೂದು ಬಾಗಿಲದಾಗ ನಿಂತು ಎಷ್ಟ ಜಾಗ ಕಾಣತೈತಿ ಅಂತ.

ಹಂಗಂತ ಬಾತ್‌ರೂಮ್ ಗೋಡಿ ಹಸಿ ಇದ್ರ ಇದೆಲ್ಲ ಬೂಸರ. ಕಪಾಟ ಕೂಡಸೂಕಿಂತ ಮೊದಲ ಬಾತ್‌ರೂಮ್ ನೆಲದಾಗ ನೀರ ನಿಲ್ಲಿಸಿ 48 ತಾಸು ಬಿಡ್ರಿ. ಈ ಕಡೆ ಗೋಡಿ ಕೆಳಗ ಕಪ್ಪಾದ್ರ ಮೊದಲ ಅದನ್ನ ರಿಪೇರಿ. ಪ್ಲೈ ಮ್ಯಾಲ ಐಎಸ್ (ಭಾರತೀಯ ಮಾನಕ) ನಂಬರ್ ಅಚ್ಚಾಗಿರತೈತಿ: ಕೆಳಗಿನ ಬಾಕ್ಸ್‌ಗೂ ಬೆನ್ನಿಗೂ ಐಎಸ್ 710 ಅಂದ್ರ ಮರೀನ್ ಪ್ಲೈ, ಉಳಿದದ್ದಕ್ಕ ಐಎಸ್ 303ರ ಬಿಡಬ್ಲ್ಯೂಆರ್ ಅಂದ್ರ ಕುದಿಯೂ ನೀರ ತಡಿಯೂ ದರ್ಜೆ. ಪಾರ್ಟಿಕಲ್ ಬೋರ್ಡ್ ಬ್ಯಾಡ್ರೀ, ನೀರ ಕುಡದು ಉಬ್ಬತೈತಿ. ಕೆಳಗ 4 ಇಂಚ ಎತ್ತರಿಸಿ ಗೆದ್ದಲ ಔಷಧ ಹಾಕಸ್ರಿ.

ಪಿಒಪಿ ಪೂರ್ತಿ ಬ್ಯಾಡ. ಸುತ್ತ 1.5 ಅಡಿ ಅಂಚ ಮಾಡಿ, ನಡಕ ಸ್ಲ್ಯಾಬ್ ಬಿಡ್ರಿ. ಫ್ಯಾನ್ ರಾಡ್ ಸ್ಲ್ಯಾಬಿನ ಹುಕ್ಕಿಗೇ ಹೋಗಬೇಕು, ಬೋರ್ಡಿಗಲ್ಲ. ರೆಕ್ಕಿ ನೆಲದಿಂದ 8 ಅಡಿ ಮ್ಯಾಲ ಇರಲಿ. ಎಸಿ ಈಗ ಬ್ಯಾಡಾದ್ರೂ 4 ಚದರ ಮಿಲಿಮೀಟರ್ ತಾಮ್ರದ ವೈರ್, ಅದಕ್ಕ ಬ್ಯಾರೇ ಎಂಸಿಬಿ (ಲೋಡ್ ಹೆಚ್ಚಾದ್ರ ತಾನೇ ಕರೆಂಟ್ ಕಡಿಯೂ ಸ್ವಿಚ್), ಹೊರಗಡೆ ಇಳಿಜಾರಿರೂ ಡ್ರೇನ್ ಪೈಪ್ ಗೋಡಿಯೊಳಗ ಹಾಕಿಸಿ ಇಡ್ರಿ. ಲೈಟಿನ ಟೂ-ವೇ ಸ್ವಿಚ್ ಬಾಗಿಲಕ್ಕೊಂದು, ಮಂಚದ ಬಾಜೂ 27 ಇಂಚ ಎತ್ತರಕ್ಕೊಂದು. ಗಿಲಾವ್ ಆದಮ್ಯಾಲ ನೆನಪಾದ್ರ ಮತ್ತ ಗೋಡಿ ಒಡಿಯೂದ ಕೆಲಸ.

ಪ್ರಶ್ನೆ (ಗದಗ): ಸರ್, ನಮ್ಮಲ್ಲೆ ಮಳಿ ಕಡಿಮಿ, ಸ್ಲ್ಯಾಬ್ ಶೆಕಿ ಭಾಳ. ಪಶ್ಚಿಮ ಗೋಡಿಗೇ ಕಪಾಟ ಇಟ್ರ ನಡೀತೈತೇನ್ರಿ?

ಉತ್ತರ: ನಡೀತೈತಿ, ಅಣ್ಣಾರ. ಧಾರವಾಡಕ್ಕ ಬ್ಯಾಡ ಅಂದದ್ದು ಗದಗಿಗೆ ಒಳ್ಳೇದ, ಕಪಾಟ ಬಿಸಲಿಗೆ ಅಡ್ಡ ನಿಲ್ಲತೈತಿ. ಆದ್ರ ಹಿಂದ 2 ಇಂಚ ಜಾಗ ಬಿಡ್ರಿ. ಸ್ಲ್ಯಾಬಿಗೆ ಮೊದಲ ಬಿರುಕ ತುಂಬಿಸಿ ವಾಟರ್‌ಪ್ರೂಫಿಂಗ್, ಆಮ್ಯಾಲ ಬಿಳೀ ಚೈನಾ ಮೊಸಾಯಿಕ್ (ಒಡದ ಟೈಲ್ಸ್ ಚೂರಿನ ಹಾಸು) ಅಥವಾ ಬಿಳೀ ಶಾಖ ತಡಿಯೂ ಬಣ್ಣ. ಬಣ್ಣ ಧೂಳಿಗೆ ಮಾಸತೈತಿ, ಮಾಸಿದಷ್ಟ ಕೆಲಸ ಕಡಿಮಿ, ತೊಳದು ಮತ್ತ ಹೊಡೀಬೇಕು. ಎಪ್ರಿಲ್-ಮೇದಾಗ ಮುಗಿಸ್ರಿ. ಎರಿ ನೆಲ ಇದ್ರ ಗೋಡಿಯ ಬಿರುಕಿಗೆ ಪುಟ್ಟಿ ಮೆತ್ತಿ ಮುಚ್ಚಬ್ಯಾಡ್ರಿ. ಆ ಮಣ್ಣ ಮಳಿಗಾಲಕ್ಕ ಉಬ್ಬಿ ಬ್ಯಾಸಗಿಗೆ ಕುಗ್ಗತೈತಿ, ಬಿರುಕ ಮತ್ತ ಅಲ್ಲೇ ತೆರೀತೈತಿ, ತಗೊಳ್ಳೋರಿಗೆ ಹೊಸಾ ಪಟ್ಟಿ ಕಂಡ್ರ ಸಂಶಯನೂ ಜಾಸ್ತಿ. ಮೊದಲ ಮನಿ ಸುತ್ತ ಮಳಿ ನೀರ ಪಾಯದ ಕಡೆ ಬರದಂಗ ಫರಸಿ ಹಾಸಿ ಇಳಿಜಾರು ಕೊಡಸ್ರಿ.

ಪ್ರಶ್ನೆ (ಹುಬ್ಬಳ್ಳಿ, ಕೇಶ್ವಾಪುರ): ಎರಡು ಸಣ್ಣ ಖೋಲಿ ಕೂಡಿಸಿ ಒಂದ ದೊಡ್ಡ ಮಾಸ್ಟರ್ ಬೆಡ್‌ರೂಮ್ ಮಾಡಿದ್ರ ಬೆಲಿ ಹೆಚ್ಚಾಗತೈತೇನ್ರಿ?

ಉತ್ತರ: ಇಲ್ರಿ. ಮೂರು ಬೆಡ್‌ರೂಮಿನ ಮನಿ ಎರಡರದ್ದಾಗತೈತಿ, ತಗೊಳ್ಳೋರು ಖೋಲಿ ಎಣಿಸಿನೇ ರೇಟ್ ಮಾತಾಡೂದು. ನಡಕಿನ ಗೋಡಿ ಭಾರ ಹೊತ್ತದ್ದಿದ್ರಂತೂ ಇಂಜಿನಿಯರ್ ನೋಡದ ಮುಟ್ಟಾಕೇ ಹೋಗಬ್ಯಾಡ್ರಿ. ಬಾಲ್ಕನಿ ಮುಚ್ಚಿ ಖೋಲಿ ದೊಡ್ಡದ ಮಾಡೂದೂ ಹಂಗ. ತಗೊಳ್ಳೋರು ಸಾಲಕ್ಕ ಹೋದಾಗ ಬ್ಯಾಂಕಿನೋರು ಮಂಜೂರಾದ ನಕ್ಷೆ ಜೋಡಿ ಹೋಲಿಸ್ತಾರ, ಅಲ್ಲಿ ತಕರಾರ ಬಂದ್ರ ವ್ಯವಹಾರ ನಿಲ್ಲತೈತಿ.